ಸ್ತನದಲ್ಲಿ ಗಂಟು: ಪರೀಕ್ಷೆಗೆ ಹೋಗುವ ಮುನ್ನ

ಹಲ್ಲುನೋವು, ಮಂಡಿನೋವು, ತಲೆಸುತ್ತು ಮೊದಲಾದವುಗಳನ್ನು ಕುರಿತು ನಮ್ಮ ಮನೆಗಳಲ್ಲಿ ಸಂಕೋಚವಿಲ್ಲದೆ ಮಾತು ನಡೆಯುತ್ತದೆ. ಸ್ತನದಲ್ಲಿ ಒಂದು ಗಂಟು ಕೈಗೆ ತಗುಲಿದರೆ ಮಾತ್ರ ಆ ಸಂಗತಿ ತುಟಿಯಿಂದಾಚೆಗೆ ಬರುವುದು ಕಷ್ಟ. ತಾಯಿ ಮಗಳಿಗೆ ಹೇಳಲಾರಳು, ಮಗಳು ತಾಯಿಗೆ ಹೇಳಲಾರಳು. ಹೀಗೆ ವಾರಗಳು ಕಳೆದು, ಕೆಲವೊಮ್ಮೆ ತಿಂಗಳುಗಳೇ ಕಳೆದು, ಕೊನೆಗೊಂದು ದಿನ ಹೇಳಿದಾಗ ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರು, ಚೀಟಿ ಬರೆಸುವವರು, ಇಂಗ್ಲಿಷಿನಲ್ಲಿರುವ ವರದಿಯನ್ನು ಎಲ್ಲರಿಗಿಂತ ಮೊದಲು ಓದುವವರು ಎಷ್ಟೋ ಮನೆಗಳಲ್ಲಿ ಪ್ರೌಢಶಾಲೆಯ ಅಥವಾ ಕಾಲೇಜಿನ ಮಕ್ಕಳೇ ಆಗಿರುತ್ತಾರೆ. ಈ ಲೇಖನವನ್ನು ನಾವು ಅವರಿಗಾಗಿಯೇ ಬರೆದಿದ್ದೇವೆ. ಗಂಟು ಓದುಗಳದೇ ಆಗಿರಬಹುದು, ಆಕೆಯ ತಾಯಿಯದೋ ಅತ್ತೆಯದೋ ಆಗಿರಬಹುದು. ಪರೀಕ್ಷೆಯ ಕೋಣೆಯಲ್ಲಿ ಏನು ನಡೆಯುತ್ತದೆ, ಏಕೆ ನಡೆಯುತ್ತದೆ ಎಂಬುದನ್ನು ಅರಿತು ಹೋದವರಿಗೆ ಭಯ ಅರ್ಧ ಕಡಮೆಯಾಗುವುದಲ್ಲದೆ, ವೈದ್ಯರ ಕೆಲಸವೂ ಸುಲಭವಾಗುತ್ತದೆ.

ಗಂಟುಗಳಲ್ಲಿ ಬಗೆಗಳು

ಸ್ತನವು ಮೂಲತಃ ಹಾಲನ್ನು ತಯಾರಿಸುವ ಗ್ರಂಥಿ. ಅದರೊಳಗೆ 15ರಿಂದ 20 ಹಾಲೆಗಳು ದ್ರಾಕ್ಷಿಯ ಗೊಂಚಲುಗಳಂತೆ ಹರಡಿರುತ್ತವೆ. ಪ್ರತಿಯೊಂದು ಗೊಂಚಲಿನಿಂದಲೂ ಒಂದು ನಾಳ ಹೊರಟು ಮೊಲೆತೊಟ್ಟಿನ ಕಡೆಗೆ ಸಾಗುತ್ತದೆ. ಇವುಗಳ ನಡುವೆ ಕೊಬ್ಬು ತುಂಬಿರುತ್ತದೆ. ಇವೆಲ್ಲವನ್ನೂ ಮುಂದೆ ಚರ್ಮಕ್ಕೂ ಹಿಂದೆ ಸ್ನಾಯುವಿನ ಹೊದಿಕೆಗೂ ಬಿಗಿದು ನಿಲ್ಲಿಸುವ ತೆಳುವಾದ ನಾರಿನ ಕಟ್ಟುಗಳಿವೆ. 1840ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಕಟ್ಟುಗಳನ್ನು ವರ್ಣಿಸಿದವನು ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್. ಇಂದಿಗೂ ಅವು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಮುಂದೆ ಅವುಗಳ ಮಾತು ಮತ್ತೆ ಬರುತ್ತದೆ.

ತಿಂಗಳು ತಿಂಗಳೂ ಏರಿಳಿಯುವ ಹಾರ್ಮೋನುಗಳಿಗೆ ಅನುಗುಣವಾಗಿ ಈ ಗ್ರಂಥಿಯೂ ಉಬ್ಬಿ ಇಳಿಯುತ್ತದೆ. ಮುಟ್ಟಿಗೆ ಮುಂಚಿನ ವಾರದಲ್ಲಿ ಸ್ತನವು ಬಿಗಿದು ನೋಯುವುದೂ, ಕಡಲೆಕಾಳು ತುಂಬಿದ ಚೀಲವನ್ನು ಮುಟ್ಟಿದಂತೆ ಒರಟಾಗಿ ತೋರುವುದೂ ಇದರಿಂದಲೇ. ಇದು ರೋಗವಲ್ಲ. ಸುತ್ತಲಿನ ಭಾಗಕ್ಕಿಂತ ಬೇರೆಯಾಗಿ, ಬೆರಳಿಗೆ ಒಂದು ಅಂಚು ಸಿಗುವಂತೆ ಇದ್ದು, ಮುಟ್ಟು ಕಳೆದ ಮೇಲೂ ಹೋಗದೆ ಉಳಿದುದನ್ನು ಗಂಟೆಂದು ಎಣಿಸಬೇಕು.

ಹದಿನೈದರಿಂದ ಇಪ್ಪತ್ತೈದು ವಯಸ್ಸಿನವರಲ್ಲಿ ಕಾಣುವ ಗಂಟುಗಳಲ್ಲಿ ಬಹುಪಾಲು ಫೈಬ್ರೋಅಡಿನೋಮ ಎಂಬ ನಿರಪಾಯಕಾರಿ ಗೆಡ್ಡೆಗಳು. ಇವು ನಯವಾಗಿ, ರಬ್ಬರಿನಂತೆ ಬಿಗಿಯಾಗಿ, ಬೆರಳಿನಡಿಯಲ್ಲಿ ಗೋಲಿಯಂತೆ ಜಾರುತ್ತವೆ. ವೈದ್ಯರು ವಿನೋದವಾಗಿ ಇವನ್ನು ‘ಸ್ತನದ ಇಲಿ’ ಎಂದು ಕರೆಯುವುದುಂಟು. ಮೂವತ್ತೈದರಿಂದ ಐವತ್ತರವರೆಗಿನ ವಯಸ್ಸಿನಲ್ಲಿ ನೀರು ತುಂಬಿದ ಚೀಲಗಳು, ಎಂದರೆ ಸಿಸ್ಟುಗಳು, ಹೆಚ್ಚು. ಹಾಲುಣಿಸುವವರಲ್ಲಿ ಕೀವುಗಟ್ಟಿದ ಕುರುವೂ ಆಗಬಹುದು. ಕ್ಯಾನ್ಸರ್ ಯಾವ ವಯಸ್ಸಿನಲ್ಲಿಯೂ ಬರಬಹುದಾದರೂ ವಯಸ್ಸು ಏರಿದಂತೆ ಅದರ ಸಂಭವ ಏರುತ್ತದೆ. ಮುಟ್ಟು ನಿಂತ ಮೇಲೆ ಹೊಸದಾಗಿ ಕಂಡ ಗಂಟನ್ನು ವೈದ್ಯರು ಹೆಚ್ಚು ಶಂಕೆಯಿಂದ ನೋಡುವುದು ಈ ಕಾರಣದಿಂದಲೇ. ಬ್ರಿಟನ್ನಿನಲ್ಲಿ ಸ್ತನದ ಗಂಟುಗಳಲ್ಲಿ ಹತ್ತಕ್ಕೆ ಒಂಬತ್ತು ಕ್ಯಾನ್ಸರ್ ಅಲ್ಲವೆಂದು ಹೇಳುತ್ತಾರೆ. ಆದರೆ ಈ ಲೆಕ್ಕವನ್ನು ನಮ್ಮ ದೊಡ್ಡ ಆಸ್ಪತ್ರೆಗಳಿಗೆ ಹಾಗೆಯೇ ಹೊಂದಿಸಲಾಗದು. ಅಲ್ಲಿ ಸಣ್ಣ ಸಂದೇಹಕ್ಕೂ ವೈದ್ಯರ ಬಳಿಗೆ ಹೋಗುತ್ತಾರೆ. ನಮ್ಮಲ್ಲಿ ಅನೇಕರು ಹೋಗುವ ವೇಳೆಗೆ ಗಂಟು ನಿಂಬೆಹಣ್ಣಿನಷ್ಟಾಗಿರುತ್ತದೆ.

ಕಿರಿಯ ಓದುಗರಿಗೆ ಇಲ್ಲಿಯೇ ಎರಡು ಮಾತು. ಎಂಟರಿಂದ ಹದಿಮೂರು ವಯಸ್ಸಿನೊಳಗೆ ಹುಡುಗಿಯರ ಮೊಲೆತೊಟ್ಟಿನ ಹಿಂದೆ, ಮೊದಲು ಒಂದೇ ಕಡೆ, ಗುಂಡಿಯಾಕಾರದ ಗಟ್ಟಿಯಾದ ಬಿಲ್ಲೆಯೊಂದು ಕಾಣಬಹುದು. ಅದು ಬೆಳೆಯುತ್ತಿರುವ ಸ್ತನದ ಮೊಗ್ಗು. ಅದನ್ನು ಗೆಡ್ಡೆಯೆಂದು ಭ್ರಮಿಸಿ ಕೊಯ್ದರೆ ಮುಂದೆ ಆ ಸ್ತನ ಬೆಳೆಯದೆ ಹೋಗಬಹುದು. ಯೌವನಕ್ಕೆ ಕಾಲಿಡುವ ಹುಡುಗರಲ್ಲಿಯೂ ಸುಮಾರು ಅರ್ಧದಷ್ಟು ಮಂದಿಗೆ ಇಂಥದೇ ಗಂಟು ಕಾಣಿಸಿಕೊಂಡು, ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ತಾನಾಗಿ ಅಡಗುತ್ತದೆ. ಪ್ರಾಯದ ಗಂಡಸರ ಎದೆಯಲ್ಲಿ ಹೊಸ ಗಂಟು ಕಂಡರೆ ಮಾತ್ರ ತೋರಿಸಲೇಬೇಕು. ಸ್ತನ ಕ್ಯಾನ್ಸರಿನ ರೋಗಿಗಳಲ್ಲಿ ನೂರಕ್ಕೆ ಸುಮಾರು ಒಬ್ಬರು ಗಂಡಸರು.

ಎಷ್ಟು ಬೇಗ?

ಗಂಟು ಕಂಡ ರಾತ್ರಿಯೇ ಓಡಬೇಕೆ? ಇದಕ್ಕೆ ಸರಳವಾದ ಒಂದು ಗಣಿತ ಉತ್ತರ ಕೊಡುತ್ತದೆ. ಒಂದು ಜೀವಕೋಶ ಎರಡಾಗಿ, ಎರಡು ನಾಲ್ಕಾಗಿ, ಹೀಗೆ 30 ಸಲ ಇಮ್ಮಡಿಯಾದರೆ ಅವುಗಳ ಸಂಖ್ಯೆ ಸುಮಾರು 107 ಕೋಟಿ. ಒಂದು ಸೆಂಟಿಮೀಟರ್ ಅಗಲದ ಗೆಡ್ಡೆಯಲ್ಲಿ ಸ್ಥೂಲವಾಗಿ ಇಷ್ಟು ಕೋಶಗಳಿರುತ್ತವೆಂದು ಎಣಿಸುವುದು ರೂಢಿ. ಒಮ್ಮೆ ಇಮ್ಮಡಿಯಾಗಲು 100 ದಿನ ಹಿಡಿಯುವುದೆಂದು ಇಟ್ಟುಕೊಂಡರೆ, ಕೈಗೆ ಸಿಗುವ ವೇಳೆಗೆ ಆ ಗೆಡ್ಡೆಗೆ ಎಂಟು ವರ್ಷಗಳಾಗಿವೆ. ಈ ವೇಗ ಗೆಡ್ಡೆಯಿಂದ ಗೆಡ್ಡೆಗೆ ಬಹಳ ವ್ಯತ್ಯಾಸವಾಗುತ್ತದೆಂಬುದು ನಿಜ. ಆದರೂ ಒಂದು ಮಾತು ಸ್ಪಷ್ಟ. ನಾಲ್ಕಾರು ದಿನ ಸಿದ್ಧತೆಗೆ ತೆಗೆದುಕೊಂಡರೆ ಕೆಡುವುದಿಲ್ಲ. ತಿಂಗಳುಗಳನ್ನು ಕಳೆದರೆ ಕೆಡುತ್ತದೆ. 1999ರಲ್ಲಿ ಬ್ರಿಟನ್ನಿನ ರಿಚರ್ಡ್ಸ್ ಮತ್ತು ಸಂಗಡಿಗರು ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡ 87 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ತಡಮಾಡಿದವರಲ್ಲಿ ಐದು ವರ್ಷ ಬದುಕಿ ಉಳಿದವರ ಪ್ರಮಾಣ, ಬೇಗ ಬಂದವರಿಗಿಂತ ಶೇಕಡಾ 12ರಷ್ಟು ಕಡಮೆಯಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಇಟ್ಟುಕೊಂಡ ಗುರಿಯೂ ಇದಕ್ಕೆ ಅನುಗುಣವಾಗಿದೆ: ರೋಗಿ ಮೊದಲು ವೈದ್ಯರಲ್ಲಿಗೆ ಬಂದಂದಿನಿಂದ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕು.

ತಡವಾಗುವುದಕ್ಕೆ ನಾಚಿಕೆಯೊಂದೇ ಕಾರಣವಲ್ಲ. ‘ನೋವೇ ಇಲ್ಲವಲ್ಲ, ಏನಾದೀತು?’ ಎಂಬ ತರ್ಕ ಇನ್ನೂ ಅಪಾಯಕಾರಿ. ನೋವು ಬಂದರೆ ರೋಗ ದೊಡ್ಡದು, ನೋವಿಲ್ಲದಿದ್ದರೆ ರೋಗವೇ ಇಲ್ಲ ಎಂದು ಭಾವಿಸುವುದು ನಮ್ಮ ಜನರ ಅಭ್ಯಾಸ. ಸ್ತನದ ವಿಷಯದಲ್ಲಿ ಇದು ಬಹುಮಟ್ಟಿಗೆ ತಲೆಕೆಳಗು. ಕ್ಯಾನ್ಸರಿನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಬಿಸಿ ಶಾಖ ಕೊಡುವುದು, ಎಣ್ಣೆ ಹಚ್ಚಿ ತಿಕ್ಕುವುದು, ಸೊಪ್ಪಿನ ಪಟ್ಟು ಕಟ್ಟುವುದು ಇವುಗಳಿಂದ ಗೆಡ್ಡೆ ಕರಗುವುದಿಲ್ಲ. ಕರಗುವುದು ಕಾಲ ಮಾತ್ರ. ‘ಹಾಲು ಕಟ್ಟಿದೆ’ ಎಂಬ ಮಾತನ್ನೂ ಬಾಣಂತಿಯರ ವಿಷಯದಲ್ಲಿ ಒಂದೆರಡು ವಾರಗಳಿಗಿಂತ ಹೆಚ್ಚು ನಂಬಬಾರದು.

ಒಂದು ಹಾಳೆ ಕಾಗದ

ಹೊರಡುವ ಮೊದಲು ಒಂದು ಹಾಳೆಯಲ್ಲಿ ಕೆಲವು ಸಂಗತಿಗಳನ್ನು ಬರೆದುಕೊಳ್ಳಬೇಕು. ಜನಜಂಗುಳಿಯ ಆಸ್ಪತ್ರೆಯಲ್ಲಿ ವೈದ್ಯರಿಗೆ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಆ ಗಾಬರಿಯಲ್ಲಿ ಕಡೆಯ ಮುಟ್ಟಿನ ದಿನಾಂಕವೇ ಮರೆತುಹೋಗುವುದು ಸಹಜ.

ಗಂಟು ಮೊದಲು ಕಂಡದ್ದು ಯಾವಾಗ? ಅಂದಿನಿಂದ ಬೆಳೆದಿದೆಯೆ? ಮುಟ್ಟಿನೊಂದಿಗೆ ಹಿಗ್ಗಿ ಕುಗ್ಗುತ್ತದೆಯೆ? ಅಳತೆಯನ್ನು ಹುಣಿಸೆಬೀಜ, ಅಡಿಕೆ, ನಿಂಬೆಹಣ್ಣು ಎಂದು ಬರೆದರೂ ಆದೀತು, ವೈದ್ಯರಿಗೆ ಅರ್ಥವಾಗುತ್ತದೆ. ಸ್ಥಳವನ್ನು ಹೇಳಲು ವೈದ್ಯರು ಗಡಿಯಾರವನ್ನು ಬಳಸುತ್ತಾರೆ: ಎದುರಿಗೆ ನಿಂತು ನೋಡುವವರ ಕಣ್ಣಿಗೆ ಸ್ತನವೇ ಗಡಿಯಾರದ ಮುಖ, ಮೊಲೆತೊಟ್ಟು ಅದರ ನಡು. ‘ಬಲಸ್ತನ, 10 ಗಂಟೆ, ತೊಟ್ಟಿನಿಂದ ಎರಡು ಬೆರಳಾಚೆ’ ಎಂದು ಬರೆದಿಟ್ಟರೆ, ಮಲಗಿದಾಗ ಗಂಟು ಸರಿದು ಕೈಗೆ ಸಿಗದೆ ಹೋದರೂ ಹುಡುಕುವುದು ಸುಲಭ. ತೊಟ್ಟು ಒಳಕ್ಕೆ ಸೇದಿಕೊಂಡಿದೆಯೆ, ಅದರಿಂದ ರಕ್ತ ಅಥವಾ ನೀರು ಒಸರುತ್ತದೆಯೆ, ಚರ್ಮ ಕಿತ್ತಳೆಯ ಸಿಪ್ಪೆಯಂತೆ ಒರಟಾಗಿದೆಯೆ, ಕಂಕುಳಲ್ಲಿ ಗಂಟಿದೆಯೆ ಎಂಬುದನ್ನೂ ಬರೆಯಬೇಕು. ಒಮ್ಮೆ ನೋಡಿಕೊಂಡರೆ ಸಾಕು. ದಿನಕ್ಕೆ ಹತ್ತು ಸಲ ಅದುಮಿ ನೋಡಿದರೆ ಅಲ್ಲಿ ನೋವು ಬಂದು ಹೊಸ ಗೊಂದಲ ಹುಟ್ಟುತ್ತದೆ.

ಕುಟುಂಬದ ವಿಚಾರ ಕೇಳಿದಾಗ ಬಹಳ ಮಂದಿ ತಾಯಿಯ ಕಡೆಯವರನ್ನು ಮಾತ್ರ ಹೇಳುತ್ತಾರೆ. ಇದು ಸಾಲದು. ಅಮೆರಿಕದ ಮೇರಿ-ಕ್ಲೇರ್ ಕಿಂಗ್ ಅವರು 1990ರಲ್ಲಿ 17ನೆಯ ವರ್ಣತಂತುವಿನಲ್ಲಿದೆಯೆಂದು ತೋರಿಸಿಕೊಟ್ಟ ಬಿ.ಆರ್.ಸಿ.ಎ.-1 ಎಂಬ ಜೀನೂ, ತರುವಾಯ 13ನೆಯ ವರ್ಣತಂತುವಿನಲ್ಲಿ ದೊರೆತ ಬಿ.ಆರ್.ಸಿ.ಎ.-2 ಎಂಬುದೂ ಲಿಂಗವನ್ನು ನಿರ್ಧರಿಸುವ ವರ್ಣತಂತುಗಳಲ್ಲಿ ಇಲ್ಲ. ತಂದೆಯಿಂದಲೂ ತಾಯಿಯಿಂದಲೂ ಅವು ಸಮನಾಗಿ ಇಳಿದುಬರುತ್ತವೆ. ಆದುದರಿಂದ ತಂದೆಯ ತಾಯಿ, ತಂದೆಯ ಅಕ್ಕತಂಗಿಯರು ಇವರಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತೆ, ಎಷ್ಟನೆಯ ವಯಸ್ಸಿನಲ್ಲಿ ಎಂದು ವಿಚಾರಿಸಿಕೊಂಡು ಹೋಗಬೇಕು. ಹಾಗೆ ಬಂದಿದ್ದರೆ ಈ ಗಂಟೂ ಅದೇ ಎಂದು ಅರ್ಥವಲ್ಲ. ಯಾರಿಗೂ ಬಂದಿಲ್ಲವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಸ್ತನ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಮಂದಿಯ ಮನೆತನದಲ್ಲಿ ಅಂಥ ಇತಿಹಾಸವೇ ಇರುವುದಿಲ್ಲ.

ತೆಗೆದುಕೊಳ್ಳುತ್ತಿರುವ ಔಷಧಗಳ ಚೀಟಿಯನ್ನು ಒಯ್ಯಬೇಕು. ಹೃದ್ರೋಗಕ್ಕೆ ರಕ್ತವನ್ನು ತೆಳುವಾಗಿಸುವ ಗುಳಿಗೆಗಳನ್ನು ನುಂಗುವವರು ಅದನ್ನು ಮೊದಲೇ ತಿಳಿಸಬೇಕು, ಸೂಜಿ ಚುಚ್ಚಿದಾಗ ರಕ್ತ ನಿಲ್ಲುವುದು ತಡವಾದೀತು. ಆದರೆ ತಾವಾಗಿಯೇ ಗುಳಿಗೆಯನ್ನು ನಿಲ್ಲಿಸಕೂಡದು. ಬಸುರಿಯಾಗಿದ್ದರೆ, ಆಗಿರಬಹುದೆಂಬ ಸಂದೇಹವಿದ್ದರೂ, ಹೇಳತಕ್ಕದ್ದು. ಹಾಲುಣಿಸುವ ತಾಯಿ ಪರೀಕ್ಷೆಗೆ ಮುಂಚೆ ಮಗುವಿಗೆ ಹಾಲು ಕೊಟ್ಟರೆ ಗ್ರಂಥಿ ಹಗುರಾಗಿ ಚಿತ್ರ ಚೆನ್ನಾಗಿ ಬರುತ್ತದೆ. ಹಳೆಯ ಚಿತ್ರಗಳು, ವರದಿಗಳು ಇದ್ದರೆ ಎಲ್ಲವೂ ಬೇಕು. ಸರ್ಕಾರದ ನೆರವು ಪಡೆಯುವವರು ಪಡಿತರ ಚೀಟಿ, ಆಧಾರ್, ಊರಿನ ಸರ್ಕಾರಿ ವೈದ್ಯರ ಶಿಫಾರಸು ಪತ್ರ ಇವನ್ನು ಮರೆತರೆ ಮತ್ತೊಂದು ದಿನದ ಕೂಲಿ ಹೋದಂತೆ.

ಉಪವಾಸ ಬೇಡ, ಊಟ ಮಾಡಿಯೇ ಹೋಗಬಹುದು. ಉಡುಪು ಸೊಂಟದ ಮೇಲಕ್ಕೂ ಕೆಳಕ್ಕೂ ಬೇರೆ ಬೇರೆಯಾಗಿರಲಿ. ಸೀರೆ ಕುಪ್ಪಸ ಇದಕ್ಕೆ ಹೇಳಿಮಾಡಿಸಿದಂತಿದೆ. ಆ ದಿನ ಕಂಕುಳಿಗೂ ಎದೆಗೂ ಪೌಡರು, ಬೆವರುನಾಶಕ ಯಾವುದನ್ನೂ ಹಚ್ಚಬಾರದು. ಅವುಗಳಲ್ಲಿರುವ ಖನಿಜ ಮತ್ತು ಅಲ್ಯೂಮಿನಿಯಂ ಲವಣಗಳು ಕ್ಷಕಿರಣ ಚಿತ್ರದಲ್ಲಿ ಬಿಳಿಯ ಚುಕ್ಕಿಗಳಾಗಿ ಮೂಡಿ, ರೋಗಸೂಚಕವಾದ ಸುಣ್ಣದ ಕಣಗಳೋ ಎಂಬ ಭ್ರಾಂತಿ ಹುಟ್ಟಿಸಬಹುದು. ಕೊರಳಿನ ಸರವನ್ನೂ ತೆಗೆಯಬೇಕಾಗುತ್ತದೆ. ತಾಳಿ ತೆಗೆಯಿರೆಂದು ಥಟ್ಟನೆ ಕೇಳಿದಾಗ ಹಿರಿಯ ಹೆಂಗಸರ ಮನಸ್ಸು ಎಷ್ಟು ಕಲಕುತ್ತದೆಂಬುದನ್ನು ನಾವು ಬಲ್ಲೆವು. ಜೊತೆಗೆ ಹೋಗುವ ಮಕ್ಕಳು ಇದನ್ನು ಮನೆಯಲ್ಲಿಯೇ ಮೆಲ್ಲಗೆ ಹೇಳಿ ಒಪ್ಪಿಸಿರಬೇಕು. ಬೆನ್ನಿನ ಕಡೆಗೆ ಸರಿಸಿಕೊಂಡರೆ ಸಾಕೇ ಎಂದು ಅಲ್ಲಿಯ ಸಿಬ್ಬಂದಿಯನ್ನು ಕೇಳಿಯೂ ನೋಡಬಹುದು.

ಮೂವರು ಸಾಕ್ಷಿಗಳು

ಗಂಟಿನ ಪರೀಕ್ಷೆ ಮೂರು ಹಂತಗಳಲ್ಲಿ ನಡೆಯುತ್ತದೆ: ಕೈಯಿಂದ, ಚಿತ್ರದಿಂದ, ಸೂಜಿಯಿಂದ. ಒಬ್ಬ ಸಾಕ್ಷಿಯನ್ನು ನಂಬಿ ತೀರ್ಪು ಕೊಡದಿರುವ ನ್ಯಾಯಾಧೀಶನ ಕ್ರಮವಿದು. ಕೆಲವು ಆಸ್ಪತ್ರೆಗಳಲ್ಲಿ ಮೂರೂ ಒಂದೇ ದಿನ ನಡೆಯುತ್ತವೆ. ಅನೇಕ ಕಡೆ ಎರಡು ಮೂರು ಸಲ ಹೋಗಬೇಕಾಗುತ್ತದೆ. ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರೆಗೆ ಎಲ್ಲರೂ ಮೊದಲೇ ಹೋಗಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಯ ಶಸ್ತ್ರವೈದ್ಯರಲ್ಲಿಯೇ ಪ್ರಾರಂಭಿಸಬಹುದು.

ವೈದ್ಯರು ಕೈಗಳನ್ನು ಮೇಲೆತ್ತಿರೆಂದೂ, ಸೊಂಟದ ಮೇಲೆ ಕೈಯಿಟ್ಟು ಒತ್ತಿರೆಂದೂ ಹೇಳಿದರೆ ಆಶ್ಚರ್ಯಪಡಬೇಕಾದುದಿಲ್ಲ. ಕೂಪರನ ಕಟ್ಟುಗಳನ್ನು ನೆನೆಸಿಕೊಳ್ಳಿ. ಗೆಡ್ಡೆಯು ಅಂಥ ಒಂದು ಕಟ್ಟನ್ನು ಹಿಡಿದು ಎಳೆಯುತ್ತಿದ್ದರೆ, ಕೈಯೆತ್ತಿದಾಗ ಅದು ಚರ್ಮವನ್ನು ಒಳಕ್ಕೆ ಜಗ್ಗಿ ಸಣ್ಣ ಕುಳಿ ಬೀಳಿಸುತ್ತದೆ. ಬಳಿಕ ಮಲಗಿಸಿ, ನಡುವಣ ಮೂರು ಬೆರಳುಗಳ ಮೆತ್ತೆಯಿಂದ ಸ್ತನವನ್ನೂ ಕಂಕುಳನ್ನೂ ಕ್ರಮವಾಗಿ ಒತ್ತಿ ನೋಡುತ್ತಾರೆ. ವೈದ್ಯರು ಗಂಡಸಾಗಿದ್ದರೆ ದಾದಿಯೊಬ್ಬರು ಅಥವಾ ಮನೆಯ ಹೆಂಗಸೊಬ್ಬರು ಜೊತೆಯಲ್ಲಿರಲೆಂದು ಕೇಳುವುದು ರೋಗಿಯ ಹಕ್ಕು, ಸಂಕೋಚ ಬೇಡ. ಬರಿಯ ಕೈಯ ಪರೀಕ್ಷೆ ಹಳೆಯ ಕಾಲದ್ದೆಂದು ಮೂಗು ಮುರಿಯುವವರಿಗೆ ಮುಂಬಯಿಯ ಒಂದು ಪ್ರಯೋಗವನ್ನು ತೋರಿಸಬೇಕು. ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ 1,51,538 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರನ್ನು ತರಬೇತಿ ಪಡೆದ ಮಹಿಳೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಮರಣ ಸುಮಾರು ಶೇಕಡಾ 30ರಷ್ಟು ತಗ್ಗಿತ್ತು. ಐವತ್ತರೊಳಗಿನವರಲ್ಲಿ ಅಂಥ ಲಾಭ ಖಚಿತವಾಗಿ ಕಾಣಲಿಲ್ಲವೆಂಬುದನ್ನೂ ಹೇಳಬೇಕು.

ಎರಡನೆಯ ಸಾಕ್ಷಿ ಚಿತ್ರ. ಮೂವತ್ತರೊಳಗಿನವರಿಗೆ ಸಾಮಾನ್ಯವಾಗಿ ಮೊದಲು ಮಾಡುವುದು ಶ್ರವಣಾತೀತ ಧ್ವನಿಯ ಪರೀಕ್ಷೆ, ಎಂದರೆ ಅಲ್ಟ್ರಾಸೌಂಡ್. ಎಳೆಯ ಸ್ತನದಲ್ಲಿ ಗ್ರಂಥಿಯ ಭಾಗ ದಟ್ಟವಾಗಿದ್ದು ಕ್ಷಕಿರಣ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಗೆಡ್ಡೆಯೂ ಬಿಳುಪೇ. ಮಂಜಿನಲ್ಲಿ ಬಿಳಿಯ ಹಸುವನ್ನು ಹುಡುಕಿದಂತಾಗುತ್ತದೆ. ಧ್ವನಿಗೆ ಈ ತೊಡಕಿಲ್ಲ. ಮೃದುವಾದ ಅಂಗಾಂಶಗಳಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಕಂಪನಗಳು ಸೆಕೆಂಡಿಗೆ ಒಂದು ಕೋಟಿಯಾದರೆ ಅಲೆಯುದ್ದ 0.154 ಮಿಲಿಮೀಟರ್ ಎಂದು ಭೌತವಿಜ್ಞಾನದ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಮಿಲಿಮೀಟರಿನಷ್ಟು ಸಣ್ಣದನ್ನು ಕಾಣಲು ಅಷ್ಟು ಸಾಕು. ನೀರು ತುಂಬಿದ ಸಿಸ್ಟು ಅಚ್ಚ ಕಪ್ಪಾಗಿ ಕಂಡು, ಅದರ ಹಿಂಭಾಗ ಬೆಳಗುತ್ತದೆ, ಏಕೆಂದರೆ ನೀರು ಧ್ವನಿಯನ್ನು ಹೀರದೆ ಬಿಟ್ಟುಕೊಡುತ್ತದೆ. ಫೈಬ್ರೋಅಡಿನೋಮ ಪಕ್ಕದ ಪದರಗಳನ್ನು ಬದಿಗೆ ತಳ್ಳಿಕೊಂಡು ಮಲಗಿದ ಮೊಟ್ಟೆಯಂತೆ ಅಗಲವಾಗಿರುತ್ತದೆ. ಕ್ಯಾನ್ಸರಾದರೋ ಪದರಗಳನ್ನು ಭೇದಿಸುವುದರಿಂದ ಅಂಚು ಗರಿಕೆಯ ಬೇರಿನಂತೆ ಚದರಿ, ಅನೇಕವೇಳೆ ಅಗಲಕ್ಕಿಂತ ಎತ್ತರ ಹೆಚ್ಚಾಗಿ, ಹಿಂದೆ ನೆರಳು ಬೀಳುತ್ತದೆ.

ನಲವತ್ತು ದಾಟಿದವರಿಗೆ ಮ್ಯಾಮೊಗ್ರಾಂ ಎಂಬ ಕ್ಷಕಿರಣ ಚಿತ್ರವೂ ಬೇಕು. ಇದರ ಮೂಲ 1913ರಷ್ಟು ಹಿಂದಿನದು. ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮೊನ್ ಕತ್ತರಿಸಿ ತೆಗೆದ ಸುಮಾರು 3,000 ಸ್ತನಗಳ ಕ್ಷಕಿರಣ ಚಿತ್ರಗಳನ್ನು ತೆಗೆದು, ಗೆಡ್ಡೆಗಳ ಲಕ್ಷಣಗಳನ್ನು ಗುರುತಿಸಿದನು. ಈ ಪರೀಕ್ಷೆಯಲ್ಲಿ ಎರಡು ಹಲಗೆಗಳ ನಡುವೆ ಸ್ತನವನ್ನು ಅದುಮುತ್ತಾರೆ. ಕೆಲವು ಸೆಕೆಂಡುಗಳ ಕಾಲ ನೋಯುವುದುಂಟು. ಅದು ಯಂತ್ರದ ಕ್ರೌರ್ಯವಲ್ಲ: ತೆಳುವಾದಷ್ಟೂ ಕಿರಣಗಳು ಚದರುವುದು ಕಡಮೆ, ಬೇಕಾಗುವ ಕಿರಣವೂ ಕಡಮೆ. ಒಟ್ಟು ಕಿರಣದ ಪ್ರಮಾಣ, ಪ್ರಕೃತಿಯಿಂದ ಎರಡು ತಿಂಗಳಲ್ಲಿ ನಮ್ಮ ಮೇಲೆ ಬೀಳುವಷ್ಟು.

ಮೂರನೆಯ ಸಾಕ್ಷಿ ಸೂಜಿ. ಅದಕ್ಕೆ ಹೆದರುವವರೇ ಹೆಚ್ಚು. ‘ಚುಚ್ಚಿದರೆ ಹರಡುತ್ತದೆ’ ಎಂಬ ಮಾತು ಎಲ್ಲ ಊರುಗಳಲ್ಲಿಯೂ ಕೇಳಿಬರುತ್ತದೆ. ಈ ಭಯದಿಂದ ಪರೀಕ್ಷೆಯನ್ನು ಬಿಟ್ಟವರಿಗೆ ಆಗುವ ಹಾನಿಯ ಮುಂದೆ ಸೂಜಿಯ ಹಾನಿ ಲೆಕ್ಕಕ್ಕೆ ಬಾರದು. ಸಣ್ಣ ಸೂಜಿಯಿಂದ ಬಿಡಿ ಕೋಶಗಳನ್ನು ಹೀರಿ ನೋಡುವುದು ಒಂದು ಬಗೆ. ಸುಮಾರು ಎರಡು ಮಿಲಿಮೀಟರ್ ದಪ್ಪದ ಸೂಜಿಯಿಂದ, ಆ ಜಾಗವನ್ನು ಮರಗಟ್ಟಿಸಿ, ದಾರದಂಥ ತುಣುಕುಗಳನ್ನು ತೆಗೆಯುವುದು ಇನ್ನೊಂದು. ಬಿಡಿ ಇಟ್ಟಿಗೆಗಳನ್ನು ನೋಡುವುದಕ್ಕೂ ಗೋಡೆಯ ತುಂಡನ್ನೇ ನೋಡುವುದಕ್ಕೂ ಇರುವ ವ್ಯತ್ಯಾಸವಿದು. ಕೋಶಗಳು ನಾಳದ ಗೋಡೆಯನ್ನು ದಾಟಿ ಹೊರಬಿದ್ದಿವೆಯೆ ಎಂಬುದು ಎರಡನೆಯದರಿಂದ ಮಾತ್ರ ತಿಳಿಯುತ್ತದೆ. ತುಣುಕು ತೆಗೆಯುವ ಉಪಕರಣದ ಸ್ಪ್ರಿಂಗು ‘ಟಪ್’ ಎಂದು ಸದ್ದು ಮಾಡುತ್ತದೆ. ಮೊದಲೇ ತಿಳಿದಿದ್ದರೆ ಬೆಚ್ಚಿಬೀಳುವುದು ತಪ್ಪುತ್ತದೆ. ಅನಂತರ ಹತ್ತು ನಿಮಿಷ ಒತ್ತಿ ಹಿಡಿಯುತ್ತಾರೆ. ಚರ್ಮ ನೀಲಿಗಟ್ಟಿದರೆ ಹೆದರಬೇಕಾದುದಿಲ್ಲ, ಆ ದಿನ ಭಾರ ಎತ್ತದಿದ್ದರಾಯಿತು. ತುಣುಕನ್ನು ಫಾರ್ಮಲಿನ್ನಿನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಪಾಲಿನಷ್ಟು ತೆಳುವಾಗಿ ಹೆರೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಫಲಿತಾಂಶಕ್ಕೆ ಹಲವು ದಿನಗಳು ಹಿಡಿಯುವುದು ಇದರಿಂದ. ತಡವಾದುದಕ್ಕೆ ‘ಏನೋ ಕೆಟ್ಟದ್ದಿರಬೇಕು’ ಎಂದು ಅರ್ಥ ಹಚ್ಚಬಾರದು.

ಮೂವರು ಸಾಕ್ಷಿಗಳೂ ನಿರಪಾಯವೆಂದರೆ, ಕ್ಯಾನ್ಸರ್ ಅಡಗಿರುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಮೆ. ಒಬ್ಬರು ಭಿನ್ನವಾಗಿ ನುಡಿದರೆ ಪರೀಕ್ಷೆಯನ್ನು ಮುಂದುವರಿಸುತ್ತಾರೆ.

ವರದಿಯ ಅಂಕಿ

ಚಿತ್ರದ ವರದಿಯ ಕೊನೆಯಲ್ಲಿ ‘ಬೈರಾಡ್ಸ್’ ಎಂದು ಬರೆದು 0ಯಿಂದ 6ರವರೆಗಿನ ಒಂದು ಅಂಕಿಯನ್ನು ಕೊಟ್ಟಿರುತ್ತಾರೆ. ಮನೆಗೆ ಹಿಂದಿರುಗುವ ಬಸ್ಸಿನಲ್ಲಿ ಅದನ್ನು ಓದಿ ಅನರ್ಥ ಕಲ್ಪಿಸಿಕೊಳ್ಳುವುದು ಸುಲಭ. ಸೊನ್ನೆಯೆಂದರೆ ‘ಏನೂ ಇಲ್ಲ’ ಎಂದಲ್ಲ. ಚಿತ್ರ ಸಾಲದು, ಇನ್ನೊಂದು ಬೇಕು ಎಂದರ್ಥ. ಇದನ್ನು ತಪ್ಪಾಗಿ ತಿಳಿದರೆ ಅತ್ಯಂತ ಅಪಾಯ. 1 ಮತ್ತು 2 ನಿಶ್ಚಿಂತೆಯ ಅಂಕಿಗಳು. 3 ಎಂದರೆ ಬಹುತೇಕ ನಿರಪಾಯ, ಕ್ಯಾನ್ಸರಿನ ಸಂಭವ ನೂರಕ್ಕೆ ಎರಡನ್ನು ಮೀರದು. ಆರು ತಿಂಗಳ ಮೇಲೆ ಮತ್ತೆ ನೋಡಬೇಕು. 4ನ್ನು ಕಂಡು ಎದೆಗುಂದುವವರು ಬಹಳ. ಅದು ನೂರಕ್ಕೆ ಎರಡರಿಂದ ತೊಂಬತ್ತೈದರವರೆಗಿನ ಸಂಭವವನ್ನೆಲ್ಲ ಒಳಗೊಂಡ ವಿಶಾಲವಾದ ವರ್ಗ. ಅದು ಹೇಳುವುದು ‘ಸೂಜಿಯಿಂದ ನೋಡಿ’ ಎಂದಷ್ಟೆ. 5 ಬಲವಾದ ಸಂದೇಹ. 6ನ್ನು ಸೂಜಿಪರೀಕ್ಷೆಯಿಂದ ಕ್ಯಾನ್ಸರೆಂದು ಈಗಾಗಲೇ ತಿಳಿದವರಿಗೆ ಮಾತ್ರ ಬರೆಯುತ್ತಾರೆ. ಈ ಅಂಕಿಗೂ ಕ್ಯಾನ್ಸರಿನ ‘ಹಂತ’ವೆಂದು ಹೇಳುವ ಅಂಕಿಗೂ ಸಂಬಂಧವಿಲ್ಲ. ಬೈರಾಡ್ಸ್ 4 ಎಂಬುದನ್ನು ನಾಲ್ಕನೆಯ ಹಂತವೆಂದು ಮನೆಯವರಿಗೆ ಓದಿ ಹೇಳಿದರೆ ಆ ರಾತ್ರಿ ಯಾರಿಗೂ ನಿದ್ರೆ ಬಾರದು.

ಆಸ್ಪತ್ರೆಯಿಂದ ಹೊರಡುವ ಮೊದಲು ಆ ಹಾಳೆಯ ಹಿಂಬದಿಯಲ್ಲಿ ಮೂರು ಸಂಗತಿಗಳನ್ನು ಕೇಳಿ ಬರೆದುಕೊಳ್ಳಬೇಕು: ಸೂಜಿಪರೀಕ್ಷೆಯ ಫಲಿತಾಂಶ ಯಾವ ದಿನ, ಯಾವ ಕೋಣೆಯಲ್ಲಿ ಸಿಗುತ್ತದೆ, ಅದನ್ನು ಯಾರಿಗೆ ತೋರಿಸಬೇಕು. ನಿರಪಾಯವೆಂದು ತಿಳಿದ ಫೈಬ್ರೋಅಡಿನೋಮವನ್ನು ಎಲ್ಲರಿಗೂ ಕೊಯ್ದು ತೆಗೆಯುವುದಿಲ್ಲ. ದೊಡ್ಡದಾಗಿದ್ದರೆ, ಬೇಗ ಬೆಳೆಯುತ್ತಿದ್ದರೆ ತೆಗೆಯುತ್ತಾರೆ. ಉಳಿದವರಿಗೆ ಮತ್ತೆ ಬರಬೇಕಾದ ತಿಂಗಳನ್ನು ಬರೆದುಕೊಡುತ್ತಾರೆ.